ತಕ್ಕಡಿಗೆ ಸರ್ಕಾರದ ಸೀಲು, ಡ್ರೈವರ್‌ಗೆ ಯಾರದ್ದು?

ಹಾಸನದಿಂದ ಚನ್ನರಾಯಪಟ್ಟಣದ ಕಡೆಗೂ ಹೊಳೆನರಸೀಪುರದ ಕಡೆಗೂ ಇರುವ ಕೆಲವು ಹಾಲಿನ ಡೈರಿಗಳಲ್ಲಿ ಕಂಪ್ಯೂಟರ್ ಕೆಟ್ಟರೆ ಫೋನ್ ನನಗೆ ಬರುತ್ತದೆ. ಮಧ್ಯಾಹ್ನ ಯಾರೂ ಮಾಡುವುದಿಲ್ಲ. ಬೆಳಿಗ್ಗೆ ಆರೂವರೆ, ಇಲ್ಲದಿದ್ದರೆ ಸಂಜೆ ಆರು, ಅಂದರೆ ಹಾಲು ಅಳೆಯುವ ಹೊತ್ತಿಗೇ ಮಾಡುತ್ತಾರೆ. ಕ್ಯಾನು, ಚೊಂಬು, ಪ್ಲಾಸ್ಟಿಕ್ ಬಕೆಟ್ಟು ಹಿಡಿದವರು ಸಾಲಾಗಿ ನಿಂತಿರುತ್ತಾರೆ, ಹಾಲಿನ ಗಾಡಿ ಪಕ್ಕದೂರು ದಾಟಿರುತ್ತದೆ, "ಅಕ್ಕಾ, ತೂಕ ಕಂಪ್ಯೂಟರ್‌ಗೆ ಬರ್ತಾನೇ ಇಲ್ಲ ಕಣಕ್ಕಾ" ಅನ್ನುವ ಸೆಕ್ರೆಟರಿಯ ದನಿಯಲ್ಲಿ ಅಳು ಅರ್ಧ ಬಂದಿರುತ್ತದೆ.

ಯಂತ್ರವನ್ನೂ ಕಂಪ್ಯೂಟರನ್ನೂ ಒಂದಕ್ಕೊಂದು ಮಾತಾಡಿಸುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ, ಅದನ್ನು ಬರೆದ ಮೂಲ ಸಾಲುಗಳಿಗೆ ಸೋರ್ಸ್ ಕೋಡ್. ಯಂತ್ರ ಮಾಡಿ ಮಾರುವವರು ಅದರ ಡ್ರೈವರ್‌ನ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಡಬೇಕೆ ಅನ್ನುವ ವಾದ ಬಹಳ ಹಳೆಯದು. ಸಾಮಾನ್ಯವಾಗಿ ಅದನ್ನು ಗ್ರಾಫಿಕ್ಸ್ ಕಾರ್ಡು, ಲ್ಯಾಪ್‌ಟಾಪ್ ವೈಫೈ ಇಟ್ಟುಕೊಂಡು ಮಾಡುತ್ತಾರೆ. ನನಗೆ ಅದು ತಲೆಗೆ ಹತ್ತಿದ್ದು ಸೆಗಣಿ ವಾಸನೆಯ ಒಂದು ಕೋಣೆಯಲ್ಲಿ, ತಕ್ಕಡಿಯ ಹಿಂದುಗಡೆ ಕೂತಿದ್ದಾಗ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ಡೈರಿಯ ಏರ್ಪಾಡು ಗೊತ್ತಿಲ್ಲದವರಿಗೆ: ಎಲೆಕ್ಟ್ರಾನಿಕ್ ತಕ್ಕಡಿ ಹಾಲಿನ ತೂಕ ಹೇಳುತ್ತದೆ. ಪಕ್ಕದಲ್ಲಿ ಫ್ಯಾಟ್ ಮಿಷಿನ್. ಅದಕ್ಕೆ ಒಂದಿಷ್ಟು ಹಾಲು ಕುಡಿಸಿದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎಷ್ಟು ಅಂತ ಹೇಳುತ್ತದೆ. ಇವೆರಡೂ ವೈರ್ ಮೂಲಕ ಕಂಪ್ಯೂಟರಿಗೆ ಹೋಗಿ, ಅದು ಲೀಟರಿಗೆ ಇಷ್ಟು ರೇಟು ಅಂತ ಲೆಕ್ಕ ಹಾಕಿ ಚೀಟಿ ಹೊಡೆಯುತ್ತದೆ. ಬಟವಾಡೆಯ ದಿನ ಕೈಗೆ ಬರುವ ದುಡ್ಡು ಈ ಚೀಟಿಗಳ ಮೊತ್ತ. ತಕ್ಕಡಿಯಿಂದ ಬರುವುದು ಆರ್‌ಎಸ್-232 ಅನ್ನುವ ಹಳೇ ಕಾಲದ ಸೀರಿಯಲ್ ವೈರು, ಒಂಬತ್ತು ಪಿನ್ನಿನದ್ದು. ಅದರಲ್ಲಿ ಹರಿಯುವುದು ಬರಿಗಣ್ಣಿಗೇ ಓದಬಹುದಾದ ಅಂಕಿಗಳು. ಗುಟ್ಟೇನೂ ಇಲ್ಲ. ಆದರೆ ಈಗಿನ ಕಂಪ್ಯೂಟರ್‌ಗಳಲ್ಲಿ ಒಂಬತ್ತು ಪಿನ್ನಿನ ತೂತೇ ಇರುವುದಿಲ್ಲ. ಹಾಗಾಗಿ ಮಧ್ಯೆ ಒಂದು ಯುಎಸ್‌ಬಿ ಕನ್ವರ್ಟರ್ ಹಾಕಬೇಕು. ಅದರೊಳಗೆ ಒಂದು ಪುಟ್ಟ ಚಿಪ್ಪು. ಆ ಚಿಪ್ಪನ್ನು ಮಾತಾಡಿಸಲು ಡ್ರೈವರ್ ಬೇಕು.

ಹೋದ ಮಳೆಗಾಲದಲ್ಲಿ ಒಂದು ಮಹಿಳಾ ಸಂಘದ ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು. ವಿಂಡೋಸ್ 11 ಇರುವ ಹೊಸದನ್ನು ತಂದರು. ಅದೇ ತಕ್ಕಡಿ, ಅದೇ ವೈರು, ಅದೇ ಕನ್ವರ್ಟರ್. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಂತು, ಕೋಡ್ 10. ಇಂಥ ಚಿಪ್ಪಿಗೆ ಬೆಂಬಲ ನಿಂತಿದೆ, ಕೊಟ್ಟವರನ್ನು ಕೇಳಿ ಅನ್ನುವ ಅರ್ಥದ ಒಂದು ಸಾಲು ಬೇರೆ. ಕೊಟ್ಟವನು ಯಾರು? ಯಾವುದೋ ಜಾತ್ರೆಯಂಥ ಎಲೆಕ್ಟ್ರಾನಿಕ್ಸ್ ಬೀದಿಯ ಅಂಗಡಿಯವನು. ಅವನಿಗೆ ಚಿಪ್ಪು ಯಾವುದು ಅಂತಲೇ ಗೊತ್ತಿರುವುದಿಲ್ಲ.

ನನ್ನ ಬ್ಯಾಗಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಲ್ಯಾಪ್‌ಟಾಪ್ ಯಾವಾಗಲೂ ಇರುತ್ತದೆ, ಕೀಲಿಮಣೆಯಲ್ಲಿ ಎರಡು ಗುಂಡಿ ಇಲ್ಲದ್ದು. ಅದೇ ಕನ್ವರ್ಟರನ್ನು ಅದಕ್ಕೆ ಚುಚ್ಚಿದೆ. ಏನೂ ಇನ್‌ಸ್ಟಾಲ್ ಮಾಡಲಿಲ್ಲ. ತೂಕ ಸಾಲುಸಾಲಾಗಿ ಬರತೊಡಗಿತು. ಚಿಪ್ಪಿಗೆ ಏನೂ ಆಗಿರಲಿಲ್ಲ, ವೈರಿಗೂ ಏನೂ ಆಗಿರಲಿಲ್ಲ. ಇದನ್ನು ಇನ್ನು ನಡೆಸುವುದು ಬೇಡ ಅಂತ ಎಲ್ಲೋ ಕೂತ ಯಾರೋ ತೀರ್ಮಾನ ಮಾಡಿದ್ದರು, ಅಷ್ಟೇ. ಲಿನಕ್ಸಿನಲ್ಲಿ ಆ ಡ್ರೈವರ್‌ನ ಕೋಡ್ ಎಲ್ಲರ ಕಣ್ಣೆದುರಿಗಿದೆ, ಹಾಗಾಗಿ ಅಂಥ ತೀರ್ಮಾನ ಒಬ್ಬರ ಕೈಯಲ್ಲಿಲ್ಲ.

ಕೆಲವು ನೂರು ರೂಪಾಯಿಯ ಕನ್ವರ್ಟರಿಗೆ ಇಷ್ಟು ಗಲಾಟೆ ಯಾಕೆ, ಹೊಸದು ತಗೊಂಡರಾಯಿತಲ್ಲ ಅಂತೀರಾ? ಹೌದು, ಅವತ್ತು ನಾನು ಮಾಡಿದ್ದೂ ಅದನ್ನೇ, ಬೇರೆ ಚಿಪ್ಪಿನದ್ದು ತಂದು ಹಾಕಿದೆ. ನನ್ನ ತಕರಾರು ಇರುವುದು ಫ್ಯಾಟ್ ಮಿಷಿನ್ ವಿಷಯದಲ್ಲಿ.

ಆ ಸಂಘದ ಫ್ಯಾಟ್ ಮಿಷಿನ್ ಸೀರಿಯಲ್ ವೈರಿನದ್ದಲ್ಲ, ತನ್ನದೇ ಒಂದು ಯುಎಸ್‌ಬಿ ಬೋರ್ಡಿನದ್ದು. ಅದರ ಜೊತೆ ಬಂದ ಸೀಡಿಯಲ್ಲಿದ್ದ ಡ್ರೈವರ್ 32-ಬಿಟ್‌ನದ್ದು, ಅಂದರೆ ಹಳೇ ಬಗೆಯ ವಿಂಡೋಸ್‌ಗೆ ಬರೆದದ್ದು. 64-ಬಿಟ್ ವಿಂಡೋಸ್ 32-ಬಿಟ್ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ವಿಂಡೋಸ್ 11 ಬರುವುದೇ 64-ಬಿಟ್‌ನಲ್ಲಿ. ಮಾರಿದವರಿಗೆ ಫೋನ್ ಮಾಡಿದರೆ, "ಆ ಮಾಡೆಲ್ ನಿಂತೋಯ್ತು ಮೇಡಂ, ಹೊಸದು ತಗೊಳ್ಳಿ, ಎಕ್ಸ್‌ಚೇಂಜ್ ಕೊಡ್ತೀವಿ." ಮಿಷಿನ್‌ನ ಸೆನ್ಸರ್ ಚೆನ್ನಾಗಿದೆ, ಪಂಪು ಚೆನ್ನಾಗಿದೆ, ಅದರ ಪುಟ್ಟ ಪರದೆಯ ಮೇಲೆ ಅಂಕಿ ಸರಿಯಾಗಿಯೇ ಬರುತ್ತದೆ. ಕಂಪ್ಯೂಟರಿಗೆ ಮಾತ್ರ ಹೋಗುವುದಿಲ್ಲ. ಅಂದಿನಿಂದ ಟೆಸ್ಟರ್ ಹುಡುಗಿ ಪರದೆ ನೋಡಿ ಕೂಗುವುದು, ಸೆಕ್ರೆಟರಿ ಟೈಪ್ ಮಾಡುವುದು. ಮೂರು ಪಾಯಿಂಟ್ ಒಂಬತ್ತು ಅಂದದ್ದು ನಾಲ್ಕು ಪಾಯಿಂಟ್ ಮೂರು ಅಂತ ಕೇಳಿಸಿದರೆ ಒಬ್ಬರಿಗೆ ಲಾಭ, ತಿರುಗಾಮುರುಗಾ ಆದರೆ ಜಗಳ. ಹಿಂದೆ ಜಗಳ ಆದರೆ ಮಿಷಿನ್ ಮೇಲೆ ಹಾಕಬಹುದಿತ್ತು. ಈಗ ಸೆಕ್ರೆಟರಿ ತನ್ನ ನಾದಿನಿಗೆ ಜಾಸ್ತಿ ಬರೆದುಕೊಂಡಳು ಅನ್ನುವ ಮಾತು ಬರುತ್ತದೆ.

ಹಳೇ ವಿಂಡೋಸ್ ಇರುವ ಇನ್ನೊಂದು ಕಂಪ್ಯೂಟರನ್ನೇ ತರಬಹುದಿತ್ತಲ್ಲ ಅಂದರೆ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಡೈರಿಯ ಲೆಕ್ಕ ಇಂಟರ್ನೆಟ್ಟಿನಲ್ಲಿ ಒಕ್ಕೂಟಕ್ಕೆ ಹೋಗಬೇಕು. ಅಪ್‌ಡೇಟ್ ಇಲ್ಲದ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಹಚ್ಚಿ ಅದರಲ್ಲೇ ರೈತರ ಬ್ಯಾಂಕ್ ಖಾತೆ ನಂಬರ್ ಇಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಬಾವಿ ಮಾರಿ ಹಗ್ಗ ತಮ್ಮ ಹತ್ತಿರ ಇಟ್ಟುಕೊಂಡರೆ ಹೇಗೋ ಇದು ಹಾಗೆ. ಮಿಷಿನ್ ಸಂಘದ್ದು, ಬಿಲ್ಲಿದೆ, ಆಡಿಟ್‌ನಲ್ಲಿ ಆಸ್ತಿ ಅಂತ ತೋರಿಸಿದೆ. ಅದನ್ನು ಎಲ್ಲಿಯವರೆಗೆ ಬಳಸಬಹುದು ಅನ್ನುವುದು ಮಾತ್ರ ಮಾರಿದವರ ಕೈಯಲ್ಲಿ.

ಅದೇ ಕೋಣೆಯ ಮೂಲೆಯಲ್ಲಿ ಕರ್ರಕರ್ರ ಅನ್ನುತ್ತಾ ಚೀಟಿ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಕೋಣೆಯಲ್ಲಿ ಅದರಷ್ಟು ಹಳೆಯದು ಗೋಡೆಯ ಮೇಲಿನ ಲಕ್ಷ್ಮಿ ಫೋಟೋ ಮಾತ್ರ. ಕಂಪ್ಯೂಟರ್‌ಗಳು ಬಂದು ಹೋದವು, ವಿಂಡೋಸ್‌ಗಳು ಬಂದು ಹೋದವು, ಇದು ಯಾವತ್ತೂ ಡ್ರೈವರ್ ಇಲ್ಲ ಅಂತ ತಕರಾರು ಮಾಡಿದ್ದಿಲ್ಲ. ಕಾರಣ ಬಹಳ ಸರಳ. ಎಪ್ಸನ್ ಕಂಪನಿ 80ರ ದಶಕದಲ್ಲಿ ತನ್ನ ಪ್ರಿಂಟರ್‌ಗಳಿಗೆ ಇಎಸ್‌ಸಿ/ಪಿ ಅನ್ನುವ ಆಜ್ಞೆಗಳ ಪಟ್ಟಿ ಮಾಡಿ, ಪ್ರಿಂಟರಿನ ಜೊತೆ ಕೊಡುವ ಪುಸ್ತಕದಲ್ಲೇ ಅಚ್ಚು ಹಾಕಿತು. 27, 64 ಅನ್ನುವ ಎರಡು ಅಂಕಿ ಕಳಿಸಿದರೆ ಪ್ರಿಂಟರ್ ಮೊದಲಿನ ಸ್ಥಿತಿಗೆ ಬರುತ್ತದೆ. 27, 69 ಕಳಿಸಿದರೆ ದಪ್ಪ ಅಕ್ಷರ, 27, 70 ಕಳಿಸಿದರೆ ಮತ್ತೆ ಮಾಮೂಲು. ಬೇರೆ ಕಂಪನಿಗಳೂ ತಮ್ಮ ಪ್ರಿಂಟರ್‌ಗಳಿಗೆ ಇದೇ ಪಟ್ಟಿಯನ್ನು ಒಪ್ಪಿಕೊಂಡವು. ಎಪ್ಸನ್‌ನವರು ಸೋರ್ಸ್ ಕೋಡ್ ಏನೂ ಕೊಟ್ಟವರಲ್ಲ. ಪಟ್ಟಿ ಕೊಟ್ಟರು. ನನ್ನ ಮಟ್ಟಿಗೆ ಮುಕ್ಕಾಲು ಕೆಲಸ ಅಲ್ಲೇ ಆಯಿತು.

ಇನ್ನೊಂದು ಮಾತು. ಆ ಪ್ರಿಂಟರ್‌ಗಳ ಹೊಟ್ಟೆಯಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳಂಥ ಅಕ್ಷರಗಳನ್ನು ತುಂಬಿ ಕಳಿಸಿದ್ದರು. ಆದರೆ ಯಾವ ಅಂಕಿ ಕಳಿಸಿದರೆ ಯಾವ ಪಿನ್ನು ಕಾಗದಕ್ಕೆ ಹೊಡೆಯುತ್ತದೆ ಅನ್ನುವುದೂ ಆ ಪಟ್ಟಿಯಲ್ಲಿತ್ತು. ಅದನ್ನು ಹಿಡಿದು ನಮ್ಮವರು ಚುಕ್ಕೆ ಚುಕ್ಕೆಯಾಗಿ ಕನ್ನಡ ಹೊಡೆಸಿದರು. ಪ್ರಿಂಟರ್ ಮಾಡಿದವರಿಗೆ ಕನ್ನಡ ಅನ್ನುವ ಭಾಷೆ ಇದೆ ಅಂತಲೂ ಗೊತ್ತಿರಬೇಕಾಗಿರಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಪಟ್ಟಿ ಬೀಗದೊಳಗಿದ್ದಿದ್ದರೆ, ಇಷ್ಟು ಸಣ್ಣ ಮಾರುಕಟ್ಟೆಗೆ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕಂಪನಿಯವರು ಅನ್ನುವುದಕ್ಕೇ ನಾವು ಕಾಯಬೇಕಿತ್ತು. ನಂತರ ಬಂದ ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಎಷ್ಟೋ ಈ ಜಾತಿಯವಲ್ಲ. ಅವಕ್ಕೆ ಸ್ವಂತ ಭಾಷೆಯೇ ಇಲ್ಲ, ಪುಟವನ್ನು ಪೂರ್ತಿ ಕಂಪ್ಯೂಟರೇ ಬಿಡಿಸಿ ಕೊಡಬೇಕು, ಬಿಡಿಸುವ ವಿದ್ಯೆ ಡ್ರೈವರ್ ಒಳಗೆ. ಡ್ರೈವರ್ ಹೋದರೆ ಉಳಿಯುವುದು ಪ್ಲಾಸ್ಟಿಕ್ಕು.

ನನ್ನ ತಮ್ಮ ಬೆಂಗಳೂರಿನಲ್ಲಿ ಚಿಪ್ಪು ಮಾಡುವ ಒಂದು ಕಂಪನಿಯಲ್ಲಿ ಡ್ರೈವರ್ ಬರೆಯುವ ಕೆಲಸದಲ್ಲೇ ಇದ್ದಾನೆ. ಶ್ರವಣಬೆಳಗೊಳದ ಮೇಲೆ ಬರುವ ರೈಲಿನಲ್ಲಿ ಹಬ್ಬಕ್ಕೆ ಬಂದರೆ ಊಟಕ್ಕೆ ಕೂತಲ್ಲೇ ಈ ಮಾತು ಶುರು. ಅವನ ಮೊದಲನೇ ಮಾತು ಯಾವಾಗಲೂ ಇದು: "ನಿನ್ನ ಡೈರಿ ತಕ್ಕಡಿ ನೋಡಿ ಲೋಕಕ್ಕೆಲ್ಲ ನ್ಯಾಯ ಹೇಳ್ಬೇಡ ಕಣಕ್ಕ."

ಅವನ ವಾದವನ್ನು ಮೊಟಕು ಮಾಡದೆ ಹೇಳುತ್ತೇನೆ, ಯಾಕೆಂದರೆ ಅವನು ಸುಳ್ಳು ಹೇಳುವುದಿಲ್ಲ. ಡ್ರೈವರ್‌ನಲ್ಲಿರುವ ಕೋಡ್ ಎಲ್ಲವೂ ಕಂಪನಿಯದ್ದಾಗಿರುವುದಿಲ್ಲ, ಬೇರೆಯವರಿಂದ ಲೈಸೆನ್ಸ್ ಪಡೆದು ಹಾಕಿದ ತುಂಡುಗಳಿರುತ್ತವೆ, ಅವನ್ನು ಹಂಚುವ ಹಕ್ಕು ಇವರಿಗಿಲ್ಲ. ಕೋಡ್ ತೆರೆದರೆ ಪೇಟೆಂಟ್ ಹಿಡಿದು ಕೇಸು ಹಾಕಲು ಹೊಂಚುವವರಿಗೆ ನಾವೇ ದಾರಿ ತೋರಿಸಿದಂತೆ. ಚಿಪ್ಪಿನಲ್ಲೇ ಇರುವ ತಪ್ಪುಗಳನ್ನು ಡ್ರೈವರ್‌ನಲ್ಲಿ ಸರಿಮಾಡಿರುತ್ತೇವೆ, ಅದು ಬಯಲಾಗುತ್ತದೆ. ಕೊನೆಯದನ್ನು ಅವನು ತಗ್ಗಿದ ದನಿಯಲ್ಲಿ ಹೇಳಿದ: ಒಂದೇ ಚಿಪ್ಪನ್ನು ಎರಡು ಬೆಲೆಗೆ ಮಾರುವುದಿದೆ, ಅಗ್ಗದ್ದರಲ್ಲಿ ಕೆಲವು ಸೌಲಭ್ಯಗಳನ್ನು ಡ್ರೈವರ್‌ನಲ್ಲಿ ಮುಚ್ಚಿರುತ್ತಾರೆ.

ಲೈಸೆನ್ಸ್ ಮಾತು ನಿಜ. ಎಎಂಡಿಯವರಿಗೆ ಆದದ್ದು ನೋಡಿ. 2007ರಿಂದ ತಮ್ಮ ಗ್ರಾಫಿಕ್ಸ್ ಚಿಪ್ಪುಗಳ ದಾಖಲೆ ಬಿಡುಗಡೆ ಮಾಡುತ್ತಾ ಬಂದವರು ಅವರು. ಟಿವಿ, ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಜೋಡಣೆಯ 2.1 ಆವೃತ್ತಿಗೆ ಓಪನ್ ಸೋರ್ಸ್, ಅಂದರೆ ಕೋಡ್ ತೆರೆದ ಡ್ರೈವರ್ ಬರೆಯಲು ಹೊರಟರೆ ಆ ಗುಣಮಟ್ಟದ ಹಕ್ಕು ಹೊಂದಿರುವ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ ಅಂತ 2024ರ ಆರಂಭದಲ್ಲಿ ಗೊತ್ತಾಯಿತು. ಕೊಡುವ ಮನಸ್ಸಿದ್ದವರಿಗೂ ಕೊಡಲು ಬಿಡಲಿಲ್ಲ. ಇನ್ನೊಂದು ಕಡೆ ಅದೇ ಗ್ರಾಫಿಕ್ಸ್ ಚಿಪ್ಪಿನ ವ್ಯಾಪಾರದ ಎನ್ವಿಡಿಯಾ. 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯ ಮೇಲೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಆ ಕಂಪನಿಗೆ ಬೆರಳು ತೋರಿಸಿ ಬೈದದ್ದು ಎಲ್ಲರಿಗೂ ಗೊತ್ತು. 2022ರ ಮೇ ತಿಂಗಳಲ್ಲಿ ಅವರು ಲಿನಕ್ಸ್ ಕರ್ನಲ್ (ಅಂದರೆ ಲಿನಕ್ಸಿನ ತಿರುಳು) ಭಾಗದ ಡ್ರೈವರನ್ನು ತೆರೆದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಒಂದೇ ಕೈಯಲ್ಲಿ. ಕರ್ನಲ್ ಆಚೆಗಿನ ದೊಡ್ಡ ಭಾಗ ಮುಚ್ಚಿಯೇ ಇದೆ, ಡ್ರೈವರ್ ಮಾಡುತ್ತಿದ್ದ ಬಹಳಷ್ಟು ಕೆಲಸವನ್ನು ಕಾರ್ಡಿನೊಳಗಿನ ಪ್ರತ್ಯೇಕ ಪ್ರೊಸೆಸರಿನ ಫರ್ಮ್‌ವೇರಿಗೆ, ಅಂದರೆ ಅದರಲ್ಲೇ ಓಡುವ ಪ್ರೋಗ್ರಾಮಿಗೆ ಸಾಗಿಸಿದ್ದಾರೆ, ಆ ಫರ್ಮ್‌ವೇರೂ ಮುಚ್ಚಿದೆ. ಹಾಗಿದ್ದೂ, ಹತ್ತು ವರ್ಷ ಆಗುವುದೇ ಇಲ್ಲ ಅಂದದ್ದರಲ್ಲಿ ಇಷ್ಟಾದರೂ ಆಯಿತಲ್ಲ. ಕಂಪನಿ ಮುಳುಗಲಿಲ್ಲ.

ಚಿಪ್ಪಿನ ತಪ್ಪು ಬಯಲಾಗುತ್ತದೆ ಅನ್ನುವ ವಾದಕ್ಕೆ ನನ್ನಲ್ಲಿ ಒಂದು ಚೂರೂ ಕನಿಕರ ಇಲ್ಲ. ಎರಡು ಬೆಲೆಯ ವಾದಕ್ಕೆ ಅದೂ ಇಲ್ಲ.

"ಬರೆಯೋರು ಯಾರು, ನೋಡ್ಕೊಳ್ಳೋರು ಯಾರು, ನಮ್ಮ ಟೀಮಲ್ಲಿ ಜನ ಎಲ್ಲಿದಾರೆ" ಅಂತ ತಮ್ಮ ಇನ್ನೊಂದು ಸಲ ಕೇಳಿದ. ಅದಕ್ಕೆ ಉತ್ತರ 2007ರಲ್ಲೇ ಸಿಕ್ಕಿದೆ. ಲಿನಕ್ಸ್ ಕರ್ನಲ್‌ನ ಹಿರಿಯರಲ್ಲಿ ಒಬ್ಬರಾದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಆ ವರ್ಷ ಎಲ್ಲ ಕಂಪನಿಗಳಿಗೂ ಬಹಿರಂಗವಾಗಿ ಒಂದು ಆಹ್ವಾನ ಕೊಟ್ಟರು: ನಿಮ್ಮ ಸಾಧನದ ದಾಖಲೆ ಕೊಡಿ, ಇಲ್ಲವೇ ಪ್ರಶ್ನೆಗೆ ಉತ್ತರಿಸುವ ಒಬ್ಬ ಇಂಜಿನಿಯರಿನ ಇಮೇಲ್ ಕೊಡಿ, ಡ್ರೈವರನ್ನು ನಾವೇ ಪುಕ್ಕಟೆ ಬರೆದುಕೊಡುತ್ತೇವೆ, ದಾಖಲೆ ಗುಟ್ಟಾಗಿಡಬೇಕು ಅಂದರೆ ಅದಕ್ಕೂ ಸಹಿ ಹಾಕುತ್ತೇವೆ. ಬರೆಯಲು ಮುಂದೆ ಬಂದವರು ತುಂಬಾ ಜನ, ಅವರಿಗೆ ಕೊಡುವಷ್ಟು ಕೆಲಸವೇ ಇರಲಿಲ್ಲ. ಹೀಗೆ ಕರ್ನಲ್ ಒಳಗೆ ಸೇರಿದ ಡ್ರೈವರಿಗೆ ಇನ್ನೊಂದು ಲಾಭ ಇದೆ. ಕರ್ನಲ್‌ನ ಒಳಗಿನ ಜೋಡಣೆಯನ್ನು ಯಾರಾದರೂ ಬದಲಿಸಿದರೆ, ಅದರಿಂದ ಕೆಡುವ ಡ್ರೈವರ್‌ಗಳನ್ನು ಸರಿಮಾಡುವುದೂ ಬದಲಿಸಿದವರ ಹೊಣೆ. ಹೊರಗಿರುವ ಮುಚ್ಚಿದ ಡ್ರೈವರಿಗೆ ಆ ಭಾಗ್ಯ ಇಲ್ಲ. ಪ್ರತಿ ಸಲವೂ ಕಂಪನಿಯ ಬಾಗಿಲಿಗೇ ಹೋಗಬೇಕು.

ಹಾಗಂತ ಕೋಡ್ ತೆರೆದುಬಿಟ್ಟರೆ ಮಿಷಿನ್ ಚಿರಂಜೀವಿ ಅಂತಲೂ ಅಲ್ಲ. ಲಿನಕ್ಸ್ ಹುಟ್ಟಿದ್ದೇ ಇಂಟೆಲ್ 386 ಚಿಪ್ಪಿನ ಮೇಲೆ. ಅದರ ಬೆಂಬಲವನ್ನೇ 2012ರ ಕೊನೆಗೆ ಕಿತ್ತು ಹಾಕಿದರು. ಹಳೇ ಯಂತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡು ಪರೀಕ್ಷೆ ಮಾಡುವವರು ಇಲ್ಲದಿದ್ದರೆ ತೆರೆದ ಕೋಡೂ ಕೊಳೆಯುತ್ತದೆ. ಆದರೆ ನನ್ನಂಥವಳಿಗೆ ಆಗ ಹಳೇ ಕೋಡ್ ಸಿಗುತ್ತದೆ, ಕಾಲೇಜಿನ ಯಾವುದಾದರೂ ಹುಡುಗನನ್ನು ಕೂರಿಸಿಕೊಂಡು ಏನಾದರೂ ಮಾಡಬಹುದು. ಮುಚ್ಚಿದ 32-ಬಿಟ್ ಡ್ರೈವರನ್ನು ಇಟ್ಟುಕೊಂಡು ಏನು ಮಾಡಲಿ? ಸೀಡಿಯನ್ನು ತೋಟದಲ್ಲಿ ಹಕ್ಕಿ ಓಡಿಸಲು ಕಟ್ಟಬಹುದು. ಆ ಸಂಘದ ಅಧ್ಯಕ್ಷಿಣಿ ಕಟ್ಟಿದ್ದಾರೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರದ ಆಯುಸ್ಸಿನ ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ.

ಡೈರಿಯ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುತ್ತದೆ. ಪ್ರಮಾಣಿತ ತೂಕದ ಬಟ್ಟು ಇಟ್ಟು ನೋಡಿ, ಸೀಸದ ಸೀಲು ಹಾಕಿ ಹೋಗುತ್ತಾರೆ. ಸರಿ. ಆದರೆ ದುಡ್ಡು ಆಗುವುದು ತಕ್ಕಡಿ ಪರದೆಯ ಅಂಕಿಯಿಂದಲ್ಲ, ಚೀಟಿಯ ಅಂಕಿಯಿಂದ. ಪರದೆಯಿಂದ ಚೀಟಿಗೆ ಹೋಗುವ ದಾರಿಯಲ್ಲಿ ಕನ್ವರ್ಟರ್ ಇದೆ, ಅದರ ಡ್ರೈವರ್ ಇದೆ, ಡೈರಿ ಸಾಫ್ಟ್‌ವೇರ್ ಇದೆ. ಇವ್ಯಾವುದಕ್ಕೂ ಸೀಸದ ಸೀಲು ಇಲ್ಲ.

ಡ್ರೈವರ್ ಬರೀ ದಾಟಿಸುವ ಕೆಲಸ ತಾನೇ, ಅದೇನು ಮಾಡೀತು ಅನ್ನುವವರಿಗೆ ಎಫ್‌ಟಿಡಿಐ ಕಂಪನಿಯ ಕಥೆ ಹೇಳುತ್ತೇನೆ. ಯುಎಸ್‌ಬಿ-ಸೀರಿಯಲ್ ಚಿಪ್ಪು ಮಾಡುವುದರಲ್ಲಿ ಹೆಸರಾದವರು. ಅವರ ಚಿಪ್ಪಿನ ನಕಲು ಮಾರುಕಟ್ಟೆಯಲ್ಲಿ ವಿಪರೀತ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅವರ ಹೊಸ ಡ್ರೈವರ್ ನಕಲಿ ಚಿಪ್ಪು ಕಂಡರೆ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಕಂಪ್ಯೂಟರ್ ಅದನ್ನು ಗುರುತಿಸುವುದೇ ಇಲ್ಲ. ಕೊಂಡವನಿಗೆ ನಕಲಿ ಅಂತ ಗೊತ್ತೇ ಇರಲಿಲ್ಲ, ದಂಡ ಅವನಿಗೆ. ಗದ್ದಲ ಎದ್ದ ಮೇಲೆ ಆ ಡ್ರೈವರನ್ನು ವಾಪಸ್ ತಗೊಂಡರು. ಅದೇ ವರ್ಷ ಲಿನಕ್ಸ್ ಡ್ರೈವರಿನಲ್ಲಿ ಸೊನ್ನೆ ಸಂಖ್ಯೆಯ ಚಿಪ್ಪನ್ನೂ ಗುರುತಿಸುವ ಒಂದು ಸಾಲು ಸೇರಿಸಿದರು. 2016ರಲ್ಲಿ ಮತ್ತೊಂದು ಡ್ರೈವರ್ ಬಂತು. ಇದು ನಕಲಿ ಚಿಪ್ಪನ್ನು ಕೊಲ್ಲುತ್ತಿರಲಿಲ್ಲ. ವೈರಿನಲ್ಲಿ ಬರಬೇಕಾದ ಮಾಹಿತಿಯ ಜಾಗದಲ್ಲಿ "ಇದು ಅಸಲಿ ಸಾಧನವಲ್ಲ" ಅನ್ನುವ ಅರ್ಥದ ಇಂಗ್ಲಿಷ್ ವಾಕ್ಯವನ್ನು ತುರುಕುತ್ತಿತ್ತು.

ಇದನ್ನು ಡೈರಿಯಲ್ಲಿಟ್ಟು ನೋಡಿ. ತಕ್ಕಡಿ ಎಂಟೂವರೆ ಕೆಜಿ ಅನ್ನುತ್ತದೆ, ಡ್ರೈವರ್ ಮಧ್ಯೆ ತನ್ನ ಮಾತು ಸೇರಿಸುತ್ತದೆ. ಅವತ್ತು ಅವರು ಸೇರಿಸಿದ್ದು ಇಂಗ್ಲಿಷ್ ವಾಕ್ಯ, ಹಾಗಾಗಿ ಜನರಿಗೆ ಗೊತ್ತಾಯಿತು. ಅಂಕಿಯ ಜಾಗದಲ್ಲಿ ಇನ್ನೊಂದು ಅಂಕಿ ಸೇರಿಸುವ ಡ್ರೈವರ್ ಬರೆದರೆ? ಬರೆದಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬರೆದಿಲ್ಲ ಅಂತ ಹಾಲು ಹಾಕುವವಳು ಯಾರನ್ನು ಕೇಳಿ ನಂಬಬೇಕು? ಅವಳಿಗೆ ಕೋಡ್ ಓದಲು ಬರುವುದಿಲ್ಲ ಅಂತೀರಾ, ಸೀಸದ ಸೀಲನ್ನೂ ಅವಳು ಹಾಕಿದ್ದಲ್ಲ. ಓದಲು ಬರುವ ಯಾರಾದರೂ ಓದುವ ಹಾಗಿದ್ದರೆ ಸಾಕು.

ತಮ್ಮನ ಬಾಣ ಒಂದು ಉಳಿದಿತ್ತು: "ಗ್ರಾಮ ಒನ್‌ನಲ್ಲಿ ಬೆರಳಚ್ಚಿನ ಮಿಷಿನ್ ಇಟ್ಟಿರ್ತಾರಲ್ಲ, ಅದರ ಕೋಡೂ ಬೀದಿಗೆ ಹಾಕ್ತೀಯಾ?" ಆಧಾರ್‌ಗೆ ಬಳಸುವ ಈಗಿನ ಎಲ್1 ಜಾತಿಯ ಸಾಧನಗಳಲ್ಲಿ ಬೆರಳಚ್ಚಿಗೆ ಸಹಿ ಹಾಕಿ ಗೂಢಲಿಪಿ ಮಾಡುವುದು ಸಾಧನದೊಳಗಿನ ಭದ್ರ ಜಾಗದಲ್ಲಿ. ಕೀಲಿ ಅಲ್ಲಿರುವಾಗ ಹೊರಗಿನ ಡ್ರೈವರ್ ತೆರೆದರೆ ಏನು ಹೋಯಿತು? ಗುಟ್ಟಾಗಿರಬೇಕಾದ್ದು ಕೀಲಿ, ಬೀಗದ ವಿನ್ಯಾಸ ಅಲ್ಲ. ಅದಕ್ಕೆ ಅವನು ಪಾಯಸ ಬಡಿಸಿಕೊಂಡ.

ಕಂಪನಿಗಳು ತಾವಾಗಿ ಕೊಡುತ್ತವೆ ಅಂತ ಕಾಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಭಾರತ ಸರ್ಕಾರದ ಕಚೇರಿಗಳಲ್ಲಿ ಓಪನ್ ಸೋರ್ಸ್ ಸಾಫ್ಟ್‌ವೇರಿಗೆ ಆದ್ಯತೆ ಅನ್ನುವ ನೀತಿ 2015ರಲ್ಲೇ ಬಂದಿದೆ. ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ ಪೋರ್ಟಲ್ಲನ್ನೂ ತೆರೆಯಿತು, ಕೃಷಿ ಉಪಕರಣಗಳು ಅದರ ವ್ಯಾಪ್ತಿಯಲ್ಲೇ ಇವೆ. ಒಳ್ಳೇದು. ಆದರೆ ಹಳ್ಳಿ ಸಂಘದ ಕೈಯಲ್ಲಿ ಅದಕ್ಕಿಂತ ಹತ್ತಿರದ ಒಂದು ಆಯುಧ ಇದೆ, ಕೊಟೇಶನ್. ಚೆಕ್ಕಿಗೆ ಸಹಿ ಬೀಳುವ ಮೊದಲು ಮಾರುವವರು ಏನು ಕೇಳಿದರೂ ಹೂಂ ಅನ್ನುತ್ತಾರೆ, ಬಿದ್ದ ಮೇಲೆ ಫೋನೇ ಎತ್ತುವುದಿಲ್ಲ.

ಆ ಮಹಿಳಾ ಸಂಘ ಈಗ ಹೊಸ ಫ್ಯಾಟ್ ಮಿಷಿನ್‌ಗೆ ಕೊಟೇಶನ್ ಕರೆದಿದೆ. ಅದಕ್ಕೆ ಎರಡು ಸಾಲು ನಾನು ಬರೆದುಕೊಟ್ಟೆ. ಮಿಷಿನ್ ಕಳಿಸುವ ಮಾಹಿತಿಯ ಪೂರ್ತಿ ವಿವರಪಟ್ಟಿಯನ್ನು ಮಿಷಿನ್ ಜೊತೆಗೇ ಲಿಖಿತವಾಗಿ ಕೊಡಬೇಕು. ವಿಶೇಷ ಡ್ರೈವರ್ ಬೇಕಿದ್ದರೆ ಅದರ ಸೋರ್ಸ್ ಕೋಡನ್ನು ಈಗಲೇ, ತಪ್ಪಿದರೆ ಬೆಂಬಲ ನಿಲ್ಲಿಸುವ ದಿನದಂದು, ಸಂಘಕ್ಕೂ ಸಾರ್ವಜನಿಕರಿಗೂ ಬಿಟ್ಟುಕೊಡಬೇಕು. ಮೊದಲನೇ ದಿನವೇ ಕೊಡಿ ಅಂತ ಹಟ ಹಿಡಿಯಲಿಲ್ಲ, ವ್ಯಾಪಾರ ಅವರಿಗೂ ಬೇಕು. ಕೈ ತೊಳೆದುಕೊಳ್ಳುವ ದಿನ ಗುಟ್ಟಿನಿಂದ ಅವರಿಗೇನು ಲಾಭ?

ಇಬ್ಬರು ಉತ್ತರ ಕೊಟ್ಟಿದ್ದಾರೆ. ಒಬ್ಬರು ವಿವರಪಟ್ಟಿಯನ್ನು ವಾಟ್ಸ್ಯಾಪಿನಲ್ಲೇ ಕಳಿಸಿದರು, ಸೋರ್ಸ್ ಕೋಡಿನ ಅಗತ್ಯವೇ ಇಲ್ಲ, ಸಾದಾ ಸೀರಿಯಲ್ ಅಂದರು. ಇನ್ನೊಬ್ಬರು "ಇಂಥದ್ದನ್ನ ಇದುವರೆಗೂ ಯಾರೂ ಕೇಳಿಲ್ಲ ಮೇಡಂ" ಅಂದರು. ಪಟ್ಟಿ ಕೊಟ್ಟವರ ರೇಟು ಸ್ವಲ್ಪ ಜಾಸ್ತಿ. ಕಮಿಟಿಯಲ್ಲಿ ಅದಕ್ಕೇ ಗುಸುಗುಸು. ಅಧ್ಯಕ್ಷಿಣಿಯವರು ಪಟ್ಟಿಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕೇಳಿದರು, "ಇದಿದ್ರೆ ನೀನು ಸತ್ ಮೇಲೂ ಬೇರೆಯೋರು ಬಂದು ರಿಪೇರಿ ಮಾಡ್ತಾರೇನಮ್ಮ?"

"ಮಾಡ್ತಾರೆ" ಅಂದೆ.

"ಹಂಗಾರೆ ಆ ಇನ್ನೊಬ್ಬನಿಗೂ ಫೋನ್ ಹಚ್ಚು. ಕೊಡ್ತಾನೋ ಇಲ್ವೋ ಅಂತ ನಾನೇ ಕೇಳ್ತೀನಿ."